ಸದ್ದು ಬರುತ್ತಿದೆ, ಚಿತ್ರ ಇಲ್ಲ

ಯುರೋಪಿನ ಒಂದು ಸಾರ್ವಜನಿಕ ಪ್ರಸಾರ ಸಂಸ್ಥೆಯ ಆನ್‌ಲೈನ್ ವಿಡಿಯೊ ಸೇವೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ವಿಡಿಯೊಗೆ ಬೀಗ ಹಾಕುವುದು, ಆ ಬೀಗ ಎಲ್ಲರ ಮನೆಯಲ್ಲೂ ತೆರೆಯುವಂತೆ ನೋಡಿಕೊಳ್ಳುವುದು ನಮ್ಮ ತಂಡದ ಕೆಲಸ. ಬೀಗ ಅಂದರೆ ಡಿಆರ್‌ಎಂ, ಅನುಮತಿ ಇಲ್ಲದೆ ವಿಡಿಯೊ ನೋಡದಂತೆ, ನಕಲು ಮಾಡದಂತೆ ತಡೆಯುವ ತಂತ್ರ.

ಬೀಗ ಒಂದೇ ಆಗಿದ್ದರೆ ಸುಲಭವಿತ್ತು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗೆ ವೈಡ್‌ವೈನ್. ಆಪಲ್ ಸಾಧನಗಳಿಗೆ ಫೇರ್‌ಪ್ಲೇ. ಬಹಳಷ್ಟು ಟಿವಿಗಳಿಗೆ ಮೈಕ್ರೋಸಾಫ್ಟ್‌ನ ಪ್ಲೇರೆಡಿ. ಕೀ ಕೊಡುವವರು ಮೂವರಾದರೂ ಫೈಲ್ ಒಂದೇ ಸಾಕು ಅನ್ನುವ ಮಾನದಂಡವೇನೋ ಇದೆ. ಆದರೆ ಅದರೊಳಗೂ ಬೀಗ ಹಾಕಲು, ಅಂದರೆ ಫೈಲನ್ನು ಗೂಢಲಿಪಿಗೆ ತಿರುಗಿಸಲು, ಎರಡು ದಾರಿ. ಒಂದು ಸಿಟಿಆರ್, ಇನ್ನೊಂದು ಸಿಬಿಸಿಎಸ್. ಫೇರ್‌ಪ್ಲೇಗೆ ಎರಡನೆಯದೇ ಬೇಕು.

ಎರಡೆರಡು ಪ್ರತಿ ಇಡುವ ಖರ್ಚು ಯಾಕೆ ಅಂತ ಎಲ್ಲವನ್ನೂ ಸಿಬಿಸಿಎಸ್‌ಗೆ ತಂದೆವು. ನಮ್ಮ ಕೋಣೆಯಲ್ಲಿದ್ದ ಫೋನು, ಹೊಸ ಟಿವಿ ಎಲ್ಲದರಲ್ಲೂ ವಿಡಿಯೊ ಓಡಿತು. ಮರುದಿನ ಬೆಳಗ್ಗೆಯಿಂದಲೇ ಸಹಾಯವಾಣಿಗೆ ಕರೆಗಳು: ಸದ್ದು ಬರುತ್ತಿದೆ, ಚಿತ್ರ ಇಲ್ಲ.

ಎರಡು ದಿನ, ಸಾಧನಗಳಿಗೆ ಕೀ ಕಳಿಸುವ ಲೈಸೆನ್ಸ್ ಸರ್ವರ್ ಕೆದಕಿದೆ. ಲಾಗ್ ನೋಡಿದರೆ ಲೈಸೆನ್ಸ್ ಸರಿಯಾಗಿಯೇ ಹೋಗಿತ್ತು. ಕೊನೆಗೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ, ದೂರು ಬಂದಿದ್ದ ಹಳೇ ಮಾದರಿಯದೇ ಒಂದು ಟಿವಿ ಕೊಂಡು, ಟ್ರಾಮಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಅದರಲ್ಲಿದ್ದದ್ದು 4.0ಕ್ಕಿಂತ ಹಳೆಯ ಪ್ಲೇರೆಡಿ. ಅದಕ್ಕೆ ಸಿಟಿಆರ್ ಬಿಟ್ಟರೆ ಬೇರೆ ಗೊತ್ತಿಲ್ಲ. ಕೀ ಕೈಗೆ ಸಿಕ್ಕಿದೆ, ತಿರುಗಿಸಲು ಬರುತ್ತಿಲ್ಲ. ಆಡಿಯೊಗೆ ನಾವು ಬೀಗ ಹಾಕಿರಲಿಲ್ಲ, ಅದಕ್ಕೇ ಸದ್ದು ಮಾತ್ರ!

ಖಾಸಗಿ ಸೇವೆಯವರಾದರೆ ಹೊಸ ಟಿವಿ ತಗೊಳ್ಳಿ ಅಂದುಬಿಡಬಹುದು. ಇಲ್ಲಿ ಮನೆಮನೆಯೂ ಶುಲ್ಕ ಕಟ್ಟಿದೆ, ಹಾಗೆ ಹೇಳುವುದು ಹೇಗೆ? ಇದು ಹಳೇ ಜಗಳವೇ. 2007ರ ಜುಲೈನಲ್ಲಿ ಬಿಬಿಸಿಯ ಆನ್‌ಲೈನ್ ವಿಡಿಯೊ ಸೇವೆ ಐಪ್ಲೇಯರ್‌ನ ಬೀಟಾ ಬಂದಾಗ ಡೌನ್‌ಲೋಡ್ ಆಗುತ್ತಿದ್ದದ್ದು ವಿಂಡೋಸ್ ಎಕ್ಸ್‌ಪಿಗೆ ಮಾತ್ರ. ಮ್ಯಾಕ್, ಲಿನಕ್ಸ್ ಬಳಕೆದಾರರು ಗಲಾಟೆ ಮಾಡಿದರು. ಡಿಸೆಂಬರ್‌ನಲ್ಲಿ ಫ್ಲ್ಯಾಶ್ ಸ್ಟ್ರೀಮಿಂಗ್ ಬಂದ ಮೇಲೆ ಅವರೂ ಬ್ರೌಸರ್‌ನಲ್ಲಿ ನೋಡುವಂತಾಯಿತು.

ನಾವು ಹೀಗೆ ಮಾಡಿದೆವು. ಬೀಗವಿಲ್ಲದ ಮೂಲ ಪ್ರತಿ ಒಂದನ್ನೇ ಇಟ್ಟುಕೊಂಡು, ಸಾಧನ ಕೇಳಿದ ಹೊತ್ತಿಗೆ ಅದಕ್ಕೆ ತಕ್ಕ ಬೀಗ ಹಾಕಿ ಕಳಿಸುವುದು. ಟಿವಿ ತಾನು ಯಾರೆಂದು ಹೇಳುವುದನ್ನು ನಂಬುವ ಹಾಗಿಲ್ಲ, ಕೆಲವು ಬ್ರೌಸರ್‌ನ ವೇಷ ಹಾಕುತ್ತವೆ. ಅದಕ್ಕೆ ಗುರುತು ಸಿಗದ ಟಿವಿಗೆಲ್ಲ ಸಿಟಿಆರ್ ಕೊಟ್ಟೆವು. ಬೇಗ ಕಳಿಸಲೆಂದು ಪ್ರತಿಗಳನ್ನು ಇಟ್ಟುಕೊಳ್ಳುವ ಕ್ಯಾಶ್‌ನಲ್ಲಿ ಮತ್ತೆ ಎರಡು ಪ್ರತಿ ಕೂರುತ್ತವೆ, ಅಂದುಕೊಂಡಷ್ಟು ದುಡ್ಡೇನೂ ಉಳಿಯಲಿಲ್ಲ.

ಜಾಸ್ತಿ ಉಪಯೋಗವಾದದ್ದು ತಂತ್ರಜ್ಞಾನದಿಂದಲ್ಲ, ಹಕ್ಕುಗಳ ವಿಭಾಗದವರ ಜೊತೆ ಕೂತ ಒಂದು ಮಧ್ಯಾಹ್ನದಿಂದ. ಸಂಜೆಯ ಸುದ್ದಿ ಆಂಟೆನಾಕ್ಕೆ ಯಾವ ಬೀಗವೂ ಇಲ್ಲದೆ ಹೋಗುತ್ತದೆ, ಬೇಕಾದವರು ರೆಕಾರ್ಡ್ ಮಾಡಿಕೊಳ್ಳಬಹುದು. ಅದೇ ಸುದ್ದಿಗೆ ಇಂಟರ್ನೆಟ್‌ನಲ್ಲಿ ಮಾತ್ರ ಬೀಗ ಯಾಕೆ ಅಂತ ಕೇಳಿದೆ. ಯಾರ ಹತ್ತಿರವೂ ಉತ್ತರವಿರಲಿಲ್ಲ. ಸುಮ್ನೆ ಎಲ್ಲಕ್ಕೂ ಹಾಕಿಕೊಂಡು ಬಂದಿದ್ದೆವು ಅಷ್ಟೆ. ಸುದ್ದಿ ಮತ್ತು ನಮ್ಮದೇ ಸಾಕ್ಷ್ಯಚಿತ್ರಗಳ ಬೀಗ ತೆಗೆದೆವು.

ಹೊರಗಿನಿಂದ ಕೊಂಡ ಸಿನಿಮಾಗಳಿಗೆ ಈ ಮಾತು ನಡೆಯಲಿಲ್ಲ. ಬೀಗ ಹಾರ್ಡ್‌ವೇರ್‌ನೊಳಗೇ ತೆರೆಯುವ ಸಾಧನಕ್ಕೆ ಮಾತ್ರ ಎಚ್‌ಡಿ ಅಂತ ಅವುಗಳ ಒಪ್ಪಂದದಲ್ಲೇ ಇತ್ತು. ಲಿನಕ್ಸ್ ಬ್ರೌಸರ್‌ನಲ್ಲಿ ವೈಡ್‌ವೈನ್ ಇರುವುದು ಸಾಫ್ಟ್‌ವೇರ್ ಮಟ್ಟದಲ್ಲಿ. ಹಾಗಾಗಿ ಶನಿವಾರ ರಾತ್ರಿ ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ, ನಾನೇ ಹಾಕಿದ ಬೀಗದ ಹಿಂದೆ, ಸಿನಿಮಾ ಮಸುಕುಮಸುಕಾಗಿ ಓಡುತ್ತಿತ್ತು.