ಬಟ್ಟೆ ಬೊಂಬೆಯ ಹುಳುವಿಗೆ ಫ್ರೀಜರ್
ಹಳೆಯ ಬಟ್ಟೆ ಬೊಂಬೆ ಮನೆಗೆ ಬಂದರೆ ಕಪಾಟಿಗೆ ಸೇರಿಸುವ ಮೊದಲು ಎರಡು ವಾರ ಫ್ರೀಜರ್‌ನಲ್ಲಿಡಿ. ಗಟ್ಟಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಗೆ ಟೇಪ್ ಸುತ್ತಿ. -18 ಡಿಗ್ರಿ ಇರಲಿ. ಪಕ್ಕದಲ್ಲಿ ಪಂದಿ ಮಾಂಸ ಇದ್ದರೂ ಚಿಂತೆಯಿಲ್ಲ, ಕವರ್ ಸೋರದಿದ್ದರಾಯಿತು! ಒಳಗಿನ ಹತ್ತಿಯಲ್ಲೋ ಮರದ ಪುಡಿಯಲ್ಲೋ ಅಡಗಿದ ಮೊಟ್ಟೆ, ಮರಿಹುಳುಗಳೂ ಆ ಚಳಿಗೆ ಸಾಯುತ್ತವೆ. ನುಸಿಗುಳಿಗೆಯ ವಾಸನೆ ಅಷ್ಟು ಒಳಗೆ ಹೋಗುವುದಿಲ್ಲ. 1919ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಶುರುವಾದ ಲೆಂಚಿ ಬೊಂಬೆಗಳಂಥ, ಉಣ್ಣೆ ಒತ್ತಿ ಮಾಡಿದ ಫೆಲ್ಟ್ ಬಟ್ಟೆಯವಕ್ಕಂತೂ ಇದು ಬೇಕೇ ಬೇಕು, ಹುಳು ತಿನ್ನುವುದೇ ಉಣ್ಣೆಯನ್ನು. ಹೊರತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ಮಡಿಕೇರಿಯ ಮಳೆಗಾಲದ ಹವೆಯಲ್ಲಿ ತಕ್ಷಣ ಬಿಚ್ಚಿದರೆ ಬೊಂಬೆ ಬೆವರುತ್ತದೆ, ಕೊಡವ ಮದುಮಗ ಬೊಂಬೆಯ ಸೊಂಟಕ್ಕೆ ಸುತ್ತಿದ ಕೆಂಪು ರೇಷ್ಮೆ ಚೇಲೆ, ಬಿಳಿ ನಿಲುವಂಗಿ ಕುಪ್ಯದ ಮೇಲೆ ಬಣ್ಣ ಬಿಟ್ಟೀತು. ಬೂಷ್ಟಿಗೆ ಇದು ಮದ್ದಲ್ಲ. ಚಳಿಗೆ ಸುಮ್ಮನಿದ್ದು ಆಮೇಲೆ ಮತ್ತೆ ಏಳುತ್ತದೆ. ಮೇಣದ ಅಥವಾ ಪಿಂಗಾಣಿಯ ತಲೆ, ದಪ್ಪ ಬಣ್ಣ ಬಳಿದ ಮುಖ ಇದ್ದರೆ ಈ ಗೋಜಿಗೇ ಹೋಗಬೇಡಿ, ಬಿರುಕು ಬಿಡಬಹುದು. ಮಧ್ಯೆ ಕರೆಂಟ್ ಹೋಗಿ ಫ್ರೀಜರ್ ಕರಗಿತೋ, ಎರಡು ವಾರದ ಲೆಕ್ಕ ಮೊದಲಿನಿಂದ. ನಮ್ಮ ಕಡೆ ಜೂನ್ ನಂತರ ಕರೆಂಟ್ ನಂಬುವ ಹಾಗಿಲ್ಲ, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.