ಹಳೆ ಪಜೆರೊ ಡೀಸೆಲ್‌ಗೆ ಹೆಡ್ ಬದಲಾಯಿಸುವುದು: ಮನೆ ಅಂಗಳದಲ್ಲೇ ಮಾಡುವ ವಿಧಾನ

ದಿನಾ ಬೆಳಿಗ್ಗೆ ರೇಡಿಯೇಟರ್‌ಗೆ ಅರ್ಧ ಲೀಟರ್ ನೀರು ಹಾಕಬೇಕು, ಗಾಡಿ ಕೆಳಗೆ ನೋಡಿದರೆ ಒಂದು ಹನಿಯೂ ಬಿದ್ದಿಲ್ಲ. ನನ್ನ ಗಾಡಿ ಹೀಗೇ ಶುರು ಮಾಡಿತು. ಅದಕ್ಕೂ ಮೊದಲು ಚಾರ್ಮಾಡಿ ಘಾಟಿ ಹತ್ತುವಾಗ ಒಂದು ಹೋಸ್ ಪೈಪ್ ಸೀಳಿ ನೀರೆಲ್ಲ ಹೋಗಿ ಎಂಜಿನ್ ವಿಪರೀತ ಬಿಸಿಯಾಗಿತ್ತು. ಬಿಸಿ ತೋರಿಸುವ ಗೇಜಿನ ಮುಳ್ಳು ಮಾತ್ರ ಮಧ್ಯದಲ್ಲೇ ಇತ್ತು. ಸೆನ್ಸರ್ ಸುತ್ತ ನೀರೇ ಇಲ್ಲದಿದ್ದರೆ ಮುಳ್ಳು ನಿಜ ಹೇಳುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಗಾಡಿ ಪಜೆರೊ ಎಸ್‌ಎಫ್‌ಎಕ್ಸ್, 4ಎಂ40 ಎಂಜಿನ್, 2835 ಸಿಸಿ. ಸಿಲಿಂಡರ್‌ಗಳಿರುವ ಕೆಳಗಿನ ಭಾಗ, ಅಂದರೆ ಬ್ಲಾಕ್, ಬೀಡುಕಬ್ಬಿಣದ್ದು. ಅದನ್ನು ಮೇಲಿನಿಂದ ಮುಚ್ಚುವ, ವಾಲ್ವ್‌ಗಳಿರುವ ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟ್ ಹಿಡಿದುಕೊಂಡಿರುವುದರಿಂದ ಅದಕ್ಕೆ ಹಿಗ್ಗಲು ಜಾಗ ಇಲ್ಲ, ಆಗ ಎಲ್ಲಿ ಲೋಹ ತೆಳ್ಳಗಿದೆಯೋ ಅಲ್ಲಿ, ಅಂದರೆ ಎರಡು ವಾಲ್ವ್‌ಗಳ ನಡುವೆ, ಇಲ್ಲಾ ವಾಲ್ವ್ ಸೀಟಿನಿಂದ ಪಕ್ಕದ ಸಣ್ಣ ಉರಿಯುವ ಕೋಣೆಯ ಕಡೆಗೆ ಸೀಳುತ್ತದೆ.

ಮೊದಲು ಖಚಿತ ಮಾಡಿಕೊಳ್ಳಿ. ರಾತ್ರಿಯೆಲ್ಲ ತಣ್ಣಗಿದ್ದ ಗಾಡಿ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಹಿಂಡಿ ನೋಡಿ. ನೀರು ಇನ್ನೂ ಬಿಸಿಯಾಗಿಲ್ಲ, ಆದರೆ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಸಿಲಿಂಡರಿನ ಹೊಗೆಯ ಒತ್ತಡ ನೀರಿನೊಳಗೆ ಸೇರುತ್ತಿದೆ. ಸ್ಟಾರ್ಟ್ ಮಾಡುವ ಮೊದಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ನೋಡಿದರೆ ಗುಳ್ಳೆ ಬಿಡದೆ ಬರುತ್ತಲೇ ಇರುತ್ತದೆ. ಬಿಸಿ ಎಂಜಿನ್ ಮೇಲೆ ಮಾತ್ರ ಯಾವತ್ತೂ ಮುಚ್ಚಳ ತೆಗೆಯಬೇಡಿ. ಇಷ್ಟರಿಂದ ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಪದರ, ಅಂದರೆ ಗ್ಯಾಸ್ಕೆಟ್, ಹೋಗಿದೆಯೋ ಹೆಡ್ ಸೀಳಿದೆಯೋ ಅಂತ ಗೊತ್ತಾಗಲ್ಲ, ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಹೆಡ್ಡನ್ನು ಎಂಜಿನ್ ಕೆಲಸ ಮಾಡುವ ಲೇತ್ ಅಂಗಡಿಗೆ ಒಯ್ದು ಪ್ರೆಶರ್ ಟೆಸ್ಟ್ ಮಾಡಿಸಿ. ಕೆಲವರು ವೆಲ್ಡಿಂಗ್ ಮಾಡಿಕೊಡ್ತೀವಿ ಅಂತಾರೆ. ಘಾಟಿ ಹತ್ತುವ ಗಾಡಿಗೆ ನಾನಂತೂ ಅದನ್ನು ಒಪ್ಪುವುದಿಲ್ಲ.

ಎರಡು ವಾರಾಂತ್ಯ ಇಟ್ಟುಕೊಳ್ಳಿ. ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್) ಮತ್ತು ಈ ಎಂಜಿನ್ನಿನ ರಿಪೇರಿ ಮ್ಯಾನ್ಯುಯಲ್ ಇಲ್ಲದೆ ಕೈ ಹಾಕಬೇಡಿ. ಹೆಡ್ ಎತ್ತಲು ಇನ್ನೊಬ್ಬರು ಬೇಕು, ಒಬ್ಬರೇ ಎತ್ತಿದರೆ ಸೊಂಟ ಹೋಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ವೈರ್ ತೆಗೆಯಿರಿ, ರೇಡಿಯೇಟರಿನ ಕೂಲಂಟ್ ಇಳಿಸಿ. ಇಳಿಸಿದ ಕೂಲಂಟ್ ಸಿಹಿ ಇರುತ್ತದೆ, ನಾಯಿ, ದನ ನೆಕ್ಕಿದರೆ ಸಾಯುತ್ತವೆ, ಆದ್ದರಿಂದ ಕ್ಯಾನಿಗೆ ತುಂಬಿ ಮುಚ್ಚಿಡಿ. ಪ್ರತಿ ಹೆಜ್ಜೆಗೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ಡೀಸೆಲ್ ಪೈಪ್ ಬಿಚ್ಚಿದ ತಕ್ಷಣ ಬಾಯಿಗೆ ಕ್ಯಾಪ್ ಹಾಕಿ, ಒಂದು ಕಣ ಮರಳು ಹೋದರೂ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕೆಡಬಹುದು. ಟರ್ಬೋದ ಆಯಿಲ್ ಪೈಪಿಗೂ ಅಷ್ಟೇ.

ವಾಲ್ವ್ ತೆರೆಯುವ ಕ್ಯಾಮ್ ತಿರುಗಿಸಲು ಈ ಎಂಜಿನ್ನಿಗೆ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್ ಇದೆ. ಮೊದಲ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲೆ ಬರುವಂತೆ ಕ್ರ್ಯಾಂಕ್ ತಿರುಗಿಸಿ ಗುರುತು ಕೂಡಿಸಿ. ಚೈನಿಗೂ ಕ್ಯಾಮ್ ಚಕ್ರಕ್ಕೂ ಬಿಳಿ ಪೇಂಟ್ ಚುಕ್ಕೆ ಇಡಿ. ಮೊದಲು ಚೈನ್ ಬಿಗಿ ಹಿಡಿಯುವ ಟೆನ್ಶನರ್ ತೆಗೆಯಿರಿ, ಆಮೇಲೆ ಚಕ್ರ. ಚೈನನ್ನು ತಂತಿಯಿಂದ ಮೇಲಕ್ಕೆ ಕಟ್ಟಿಡಿ. ಅದು ಸಡಿಲಾಗಿ ಕೆಳಗೆ ಬಿದ್ದರೆ ಮುಂದಿನ ಕವರ್ ಬಿಚ್ಚುವ ಕೆಲಸ ತಲೆಗೆ ಬರುತ್ತದೆ.

ಹೆಡ್ ಬೋಲ್ಟ್‌ಗಳನ್ನು ಹೊರಗಿನಿಂದ ಒಳಕ್ಕೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಎಲ್ಲ ತೆಗೆದ ಮೇಲೂ ಹೆಡ್ ಅಲುಗದಿದ್ದರೆ ಎಲ್ಲೋ ಒಂದು ಬೋಲ್ಟ್ ಉಳಿದಿರಬಹುದು, ಮುಂದೆ ಚೈನ್ ಇರುವ ಕಡೆ ಮತ್ತೊಮ್ಮೆ ನೋಡಿ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಬೇಡಿ.

ನಾನು ಹೆಡ್ ತಿರುಗಿಸಿ ಇಟ್ಟು ಮಸಿ ಒರೆಸಿದಾಗ ಮೂರನೇ ಸಿಲಿಂಡರಿನ ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಬೇರೆ ಮೂರೂ ಪಿಸ್ಟನ್ ಮಸಿ ಹಿಡಿದಿದ್ದರೆ ಆ ಪಿಸ್ಟನ್ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ನೀರು ಹೋಗುತ್ತಿದ್ದ ದಾರಿ ಅದೇ.

ಹೊಸ ಹೆಡ್ ತರುವಾಗ ವಾಲ್ವ್, ಸ್ಪ್ರಿಂಗ್ ಎಲ್ಲ ಕೂಡಿಸಿರುವುದನ್ನೇ ತನ್ನಿ. ಖಾಲಿ ಹೆಡ್ ಅಗ್ಗ ಅನಿಸುತ್ತದೆ, ಆಮೇಲೆ ಸೀಟ್ ಕೂಡಿಸುವ ಖರ್ಚು ಸೇರಿ ಅಲ್ಲಿಗಲ್ಲಿಗೇ ಆಗುತ್ತದೆ. ಬೆಂಗಳೂರಿನವರು ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಯಲ್ಲಿ ವಿಚಾರಿಸಿ. ಪೆಟ್ಟಿಗೆಯಿಂದ ತೆಗೆದ ಹೆಡ್ ಹಾಗೇ ಕೂರಿಸಬೇಡಿ. ಆಯಿಲ್ ದಾರಿಗಳಲ್ಲಿ ಲೋಹದ ಪುಡಿ ಉಳಿದಿರಬಹುದು, ಕಂಪ್ರೆಸರ್ ಗಾಳಿ ಹೊಡೆದು ತೆಗೆಯಿರಿ. ಹೊಸ ಗ್ಯಾಸ್ಕೆಟ್ಟನ್ನು ಹಳೆಯದರ ಮೇಲೆ, ಆಮೇಲೆ ಹೆಡ್ಡಿನ ಮೇಲೆ ಇಟ್ಟು ಪ್ರತಿ ತೂತೂ ಕೂಡುತ್ತದಾ ನೋಡಿ. ಪಿಸ್ಟನ್, ಬ್ಲಾಕ್ ಬದಲಾಗಿಲ್ಲ ಅಂದರೆ ಮೊದಲಿದ್ದಷ್ಟೇ ದಪ್ಪದ ಗ್ಯಾಸ್ಕೆಟ್ ಬೇಕು.

ಈಗ ಬ್ಲಾಕ್. ಇಲ್ಲಿ ಅವಸರ ಮಾಡಿದರೆ ಅಷ್ಟೂ ದುಡ್ಡು ನೀರಿಗೆ. ಹಳೆ ಗ್ಯಾಸ್ಕೆಟ್ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ, ಗ್ರೈಂಡರ್ ಬೇಡ. ನೇರ ಪಟ್ಟಿ ಅಡ್ಡ, ಉದ್ದ, ಓರೆಯಾಗಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಹಾಕಿ ಅಳೆಯಿರಿ, 0.05 ಮಿಮೀ ಎಲೆ ಸುಲಭವಾಗಿ ನುಗ್ಗಿದರೆ ಮ್ಯಾನ್ಯುಯಲ್‌ನಲ್ಲಿ ಮಿತಿ ಎಷ್ಟಿದೆ ನೋಡಿ. ಬೋಲ್ಟ್ ತೂತುಗಳಿಂದ ಎಣ್ಣೆ, ನೀರು ಪೂರ್ತಿ ತೆಗೆಯಿರಿ. ತಳ ಮುಚ್ಚಿದ ತೂತಿನಲ್ಲಿ ಒಂದು ಚಮಚ ಎಣ್ಣೆ ಉಳಿದರೂ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ, ಟಾರ್ಕ್ ಸುಳ್ಳು ತೋರಿಸುತ್ತದೆ, ಕೆಲವೊಮ್ಮೆ ಬ್ಲಾಕೇ ಸೀಳುತ್ತದೆ. ನಾನು ಒಂದೊಂದು ತೂತಿಗೂ ಹಳೆ ಪಂಚೆಯ ಬಟ್ಟೆ ಸುರುಳಿ ಇಳಿಸಿ, ಬಟ್ಟೆ ಒದ್ದೆಯಾಗದೆ ಮೇಲೆ ಬರುವವರೆಗೂ ಒರೆಸಿದೆ. ಅರ್ಧ ದಿನ ಹೋಯಿತು.

ಹೊಸ ಬೋಲ್ಟ್‌ಗಳನ್ನೇ ಹಾಕಿ. ಮಧ್ಯದಿಂದ ಹೊರಕ್ಕೆ, ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ, ಹೇಳಿದಷ್ಟು ಹಂತಗಳಲ್ಲಿ ಬಿಗಿಯಿರಿ. ಯಾರೋ ಹೇಳಿದ ಟಾರ್ಕ್ ಅಂಕಿ ನಂಬಬೇಡಿ, ನಾನೂ ಇಲ್ಲಿ ಬರೆಯುವುದಿಲ್ಲ. ಚೈನ್ ಚುಕ್ಕೆ ಕೂಡಿಸಿ, ಟೆನ್ಶನರ್ ಹಾಕಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಟೈಮಿಂಗ್ ತಪ್ಪಿದೆ.

ಹೊಸ ಆಯಿಲ್, ಫಿಲ್ಟರ್ ಹಾಕಿ. ಎಂಜಿನ್ ಸ್ಟಾರ್ಟ್ ಆಗದ ಹಾಗೆ ಡೀಸೆಲ್ ಪಂಪಿನ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ನಿಲ್ಲಿಸುವ ವಿದ್ಯುತ್ ವಾಲ್ವ್) ವೈರ್ ಎಳೆದಿಟ್ಟು, ಆಯಿಲ್ ದೀಪ ಆರುವವರೆಗೂ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆಯಿರಿ. ಟರ್ಬೋ ಬೇರಿಂಗಿಗೆ ಎಣ್ಣೆ ಮೊದಲು ಹೋಗಬೇಕು ಅಲ್ವಾ. ಆಮೇಲೆ ವೈರ್ ಹಾಕಿ, ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಗಾಳಿ ತೆಗೆಯಿರಿ. ಡೀಸೆಲ್ ಚಿಮ್ಮುವ ಕಡೆ ಕೈ ಇಡಬೇಡಿ, ಆ ಒತ್ತಡಕ್ಕೆ ಚರ್ಮದೊಳಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿ ಹಳೆ ರೇಡಿಯೇಟರ್ ಹಾಗೇ ಬಿಟ್ಟರೆ ಹೊಸ ಹೆಡ್ಡೂ ಹೋಗುತ್ತದೆ. ಎಲ್ಲ ಹೋಸ್, ಕ್ಲಿಪ್, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ ಹೊಸದು ಹಾಕಿ. ರೇಡಿಯೇಟರ್ ಬಿಚ್ಚಿ ತೊಳೆಸಿ. ಬಿಸಿ ಎಂಜಿನ್ ಆಫ್ ಮಾಡಿದ ಮೇಲೆ ಫ್ಯಾನ್ ಕೈಯಲ್ಲಿ ತಿರುಗಿಸಿದರೆ ಗಿರಗಿರ ಸುತ್ತುತ್ತಾ? ಹಾಗಾದರೆ ಫ್ಯಾನ್ ಕ್ಲಚ್ ಹೋಗಿದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ. ನಾನು ನೀರು ಕಡಿಮೆಯಾದರೆ ಕೂಗುವ ಅಲಾರಂ ಕೂಡ ಹಾಕಿಸಿದೆ.

ಮೊದಲ ವಾರ ದಿನಾ ಬೆಳಿಗ್ಗೆ ತಣ್ಣಗಿದ್ದಾಗ ನೀರಿನ ಮಟ್ಟ ನೋಡಿ. ಸುಮಾರು 500 ಕಿಮೀ ಆದ ಮೇಲೆ ಆಯಿಲ್ ಮತ್ತೆ ಬದಲಾಯಿಸಿ, ಹಳೆ ಸೋರಿಕೆಯ ನೀರು ಒಳಗೆ ಉಳಿದಿದ್ದರೆ ಅದರ ಜೊತೆ ಹೊರಗೆ ಬರುತ್ತದೆ. ಅಲ್ಲಿಯವರೆಗೂ ಘಾಟಿ ಕಡೆ ಹೋಗಬೇಡಿ.