ಎರಿ ಮಣ್ಣು, ಕಲ್ಲುಪ್ಪು, ತಕ್ಕಡಿ: ಹುಬ್ಬಳ್ಳಿ-ಧಾರವಾಡದಲ್ಲೇ ಕೂತು ಸಮುದ್ರ ಓದುವುದು

ಪಿಯು ಭೂಗೋಳದಲ್ಲಿ ಸಾಗರದ ಪಾಠ ಬಂದರೆ ನಮ್ಮ ಭಾಗದ ಮಕ್ಕಳು ಖಂಡಾವರಣ ಪ್ರದೇಶ, ಲವಣತೆ, ನಿಕ್ಷೇಪ ಎಂದು ಬಾಯಿಪಾಠ ಮಾಡಿ ಬರೆದು ಬರುತ್ತಾರೆ. ಕಡಲು ದೂರ, ತೋರಿಸಿ ಕಲಿಸಲು ಆಗುವುದಿಲ್ಲ ಎನ್ನುವವರು ಒಮ್ಮೆ ಧಾರವಾಡದ ನೆಲವನ್ನೇ ನೋಡಬೇಕು. ಈ ಊರು ನಿಂತಿರುವುದು ಎರಡು ಸಮುದ್ರಗಳಿಗೆ ನೀರು ಹಂಚುವ ದಿಣ್ಣೆಯ ಮೇಲೆ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಬೇಡ್ತಿಗೆ ಕೂಡಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಹಾವೇರಿಯ ವರದೆ, ತುಂಗಭದ್ರೆಯದೂ ಕೊಲ್ಲಿಯ ದಾರಿಯೇ. ಸಮುದ್ರದ ತಳದಲ್ಲಿ ಕೂರುವ ಮಣ್ಣು ಹೊರಡುವುದೇ ನಮ್ಮಂಥ ಹೊಲಗಳಿಂದ.

ಬೇಕಾಗುವ ಸಾಮಾನು ಇಷ್ಟು: 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಗೋಡೆ ನೆಟ್ಟಗಿರುವ ಒಂದು ಲೀಟರಿನ ನಾಲ್ಕು ಪಾರದರ್ಶಕ ಬಾಟ್ಲಿ, ಎರಡು ಅಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಕಲ್ಲುಪ್ಪು, ಒಂದು ಕಿಲೋ ಒಣಗಿದ ಎರಿ ಮಣ್ಣು, ಅರ್ಧ ಕಿಲೋ ಸಣ್ಣ ಮರಳು, ಅಡುಗೆ ಬಣ್ಣ, ಗ್ರಾಫ್ ಹಾಳೆ. ನೀರು ಮಾತ್ರ ಶುದ್ಧ ನೀರಿನ ಘಟಕದ ಕ್ಯಾನಿನದೇ ಆಗಲಿ. ನವಲಗುಂದ, ಗದಗ ಕಡೆಯ ಸವಳು ಬೋರ್ ನೀರು ಹಾಕಿದರೆ ಅದರಲ್ಲಿ ಮೊದಲೇ ಇರುವ ಉಪ್ಪು ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ.

ಮೊದಲು ನೀರು

ಸಮುದ್ರದ ಸರಾಸರಿ ಲವಣತೆ 35. ಎಂದರೆ ಒಂದು ಕಿಲೋ ಸಮುದ್ರದ ನೀರಿನಲ್ಲಿ 35 ಗ್ರಾಂ ಲವಣ, 965 ಗ್ರಾಂ ನೀರು. ಇಲ್ಲೇ ಬಹಳ ಜನ ಎಡವುತ್ತಾರೆ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಸುರಿದರೆ ಒಟ್ಟು 1,035 ಗ್ರಾಂ ಆಗಿ, ಲವಣತೆ 33.8ಕ್ಕೆ ಇಳಿಯುತ್ತದೆ. ಅದು ಅರಬ್ಬಿ ಸಮುದ್ರದ್ದಕ್ಕಿಂತ ಬಂಗಾಳ ಕೊಲ್ಲಿಯ ನೀರಿಗೆ ಹತ್ತಿರ. ತಕ್ಕಡಿಯಲ್ಲಿ 1 ಗ್ರಾಂ ಹೆಚ್ಚುಕಡಿಮೆ ಆಗೇ ಆಗುತ್ತದೆ, ಹಾಗಾಗಿ ಒಮ್ಮೆಲೇ ಎರಡು ಕಿಲೋ ಮಾಡಿಕೊಳ್ಳಿ: 70 ಗ್ರಾಂ ಉಪ್ಪು, 1,930 ಗ್ರಾಂ ನೀರು. ಪುಡಿ ಉಪ್ಪು ಬೇಡ. ಅದು ಗಂಟು ಕಟ್ಟದಿರಲೆಂದು ಬೆರೆಸುವ ಪದಾರ್ಥದಿಂದ ನೀರು ಮಬ್ಬಾಗುತ್ತದೆ. ಕಲ್ಲುಪ್ಪನ್ನು ಕುಟ್ಟಿ, ಬಿಸಿಲಿಗೆ ಒಣಗಿಸಿ ತೂಗಿ. ಮಳೆಗಾಲದ ಹಸಿ ಉಪ್ಪಿನ ತೂಕದಲ್ಲಿ ನೀರೂ ಸೇರಿರುತ್ತದೆ.

ಕಲ್ಲುಪ್ಪಿನ ನೀರು ಸಮುದ್ರದ ನೀರಿನ ಹತ್ತಿರ ಬರುತ್ತದೆ, ಆದರೆ ಅದೇ ಅಲ್ಲ. ಕಡಲ ಲವಣದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಕ್ಲೋರೈಡ್ ಸುಮಾರು 55 ಪಾಲು, ಸೋಡಿಯಂ 30.6, ಸಲ್ಫೇಟ್ 7.7, ಮೆಗ್ನೀಷಿಯಂ 3.7, ಕ್ಯಾಲ್ಸಿಯಂ 1.2, ಪೊಟ್ಯಾಷಿಯಂ 1.1. ಗೋಕರ್ಣದ ಹತ್ತಿರದ ಸಾಣಿಕಟ್ಟಾದಂಥ ಉಪ್ಪಿನ ಆಗರಗಳಲ್ಲಿ ಅಡುಗೆ ಉಪ್ಪು ಹರಳಾಗಿ ಕೂತ ಮೇಲೆ ಮೆಗ್ನೀಷಿಯಂ ತುಂಬಿದ ಕಹಿ ನೀರನ್ನು ಹೊರಗೆ ಬಿಡುತ್ತಾರೆ. ಹೀಗಾಗಿ ನಮ್ಮ ಮನೆಗೆ ಬರುವ ಉಪ್ಪಿನಲ್ಲಿ ಆ ಪಾಲು ಕಡಿಮೆ. ಸಾಂದ್ರತೆಯ ಪ್ರಯೋಗಕ್ಕೆ ಇದರಿಂದ ತೊಂದರೆ ಇಲ್ಲ. ಲವಣತೆ ಕಡಲಿನಿಂದ ಕಡಲಿಗೆ ಬದಲಾದರೂ ಈ ಪಾಲುಗಳ ಅನುಪಾತ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. 1872ರಿಂದ 1876ರವರೆಗೆ ಜಗತ್ತು ಸುತ್ತಿದ ಚಾಲೆಂಜರ್ ಹಡಗು ತಂದ ನೀರಿನ ಮಾದರಿಗಳಿಂದ ಇದು ಖಚಿತವಾಯಿತು. ಒಂದು ಲವಣವನ್ನು ಅಳೆದರೆ ಉಳಿದೆಲ್ಲವನ್ನೂ ಹೇಳಬಹುದಾದದ್ದು ಇದರಿಂದಲೇ.

ಸಾಂದ್ರತೆ ನೋಡಲು ತತ್ತಿ ತೇಲಿಸುವ ರೂಢಿ ಶಾಲೆಗಳಲ್ಲಿ ಇದೆ. ಅದನ್ನು ಬಿಡುವುದು ಒಳ್ಳೆಯದು. ತಾಜಾ ತತ್ತಿ 35ರ ಲವಣತೆಯ ನೀರಿನಲ್ಲಿ ಮುಳುಗೇ ಮುಳುಗುತ್ತದೆ. ಅದು ತೇಲಬೇಕಾದರೆ ಸುಮಾರು ಮೂರು ಪಟ್ಟು ಉಪ್ಪು ಬೇಕು. ಅದರ ಬದಲು ಅರ್ಧ ಲೀಟರ್ ಬಾಟ್ಲಿ ಸಾಕು. ಒಣಗಿದ ಬಾಟ್ಲಿ ತೂಗಿ, ಸಿಹಿ ನೀರು ಅಂಚಿನವರೆಗೆ ತುಂಬಿ ತೂಗಿ, ಚೆಲ್ಲಿ, ಉಪ್ಪು ನೀರು ಅಷ್ಟೇ ತುಂಬಿ ತೂಗಿ. ಬಾಟ್ಲಿಯ ತೂಕ ಕಳೆದ ಮೇಲೆ ಸಿಹಿ ನೀರು 500 ಗ್ರಾಂ ಇದ್ದರೆ ಉಪ್ಪು ನೀರು 512ರ ಆಸುಪಾಸು ಬರಬೇಕು. ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1,025 ಕಿಲೋ ಎಂಬುದು ಇದೇ. 505ಕ್ಕಿಂತ ಕಡಿಮೆ ಬಂದರೆ ಅಂಚಿನಲ್ಲಿ ಗಾಳಿಗುಳ್ಳೆ ಉಳಿದಿದೆ, ಇಲ್ಲವೇ ಉಪ್ಪು ತಳದಲ್ಲಿ ಕರಗದೆ ಕೂತಿದೆ.

ಈಗ ಉಪ್ಪು ನೀರಿಗೆ ಕೆಂಪು ಬಣ್ಣ ಹಾಕಿ ಅರ್ಧ ಬಾಟ್ಲಿ ತುಂಬಿ, ಚಮಚದ ಬೆನ್ನ ಮೇಲೆ ಸಿಹಿ ನೀರನ್ನು ನಿಧಾನಕ್ಕೆ ಇಳಿಬಿಡಿ. ಎರಡು ಪದರ ಸ್ಪಷ್ಟವಾಗಿ ನಿಲ್ಲುತ್ತವೆ. ಬಂಗಾಳ ಕೊಲ್ಲಿ ಇರುವುದು ಹೀಗೇ. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆ ತಂದ ಸಿಹಿ ನೀರು ಮೇಲೆ ಹಗುರ ಹೊದಿಕೆಯಾಗಿ ನಿಲ್ಲುತ್ತದೆ, ಕೆಳಗಿನ ತಂಪು ನೀರನ್ನು ಸುಲಭಕ್ಕೆ ಮೇಲೆ ಬರಗೊಡುವುದಿಲ್ಲ. ಅರಬ್ಬಿ ಸಮುದ್ರದಲ್ಲಿ ಬರುವ ನದಿ ನೀರಿಗಿಂತ ಆವಿಯಾಗುವುದೇ ಹೆಚ್ಚು, ಉತ್ತರ ಭಾಗದಲ್ಲಿ ಲವಣತೆ 36 ದಾಟುತ್ತದೆ. ಲೆಕ್ಕಕ್ಕೆ ಒಂದು ಅಂದಾಜು: ನಮ್ಮ ಬೆಚ್ಚನೆಯ ಕಡಲ ನೀರಿನಲ್ಲಿ ಕಿಲೋಗೆ ಒಂದು ಗ್ರಾಂ ಲವಣ ಹೆಚ್ಚಾದರೆ ಸಾಂದ್ರತೆ ಏರುವಷ್ಟೇ, ನೀರು ಸುಮಾರು 2.3 ಡಿಗ್ರಿ ತಂಪಾದರೂ ಏರುತ್ತದೆ. ಧ್ರುವದ ತಣ್ಣನೆಯ ನೀರಿನಲ್ಲಿ ಮಾತ್ರ ಉಷ್ಣತೆಯ ಕೈ ಬಲು ಸಣ್ಣದು, ಅಲ್ಲಿ ಉಪ್ಪೇ ಯಜಮಾನ.

ನೀರಿನಲ್ಲಿ ಕರಗಿದ ಲವಣ ತೋರಿಸುವ ಬಜಾರಿನ ಅಗ್ಗದ ಟಿಡಿಎಸ್ ಮೀಟರನ್ನು ಸಮುದ್ರದ ನೀರಿಗೆ ನೇರ ಅದ್ದಬೇಡಿ, ಅದರ ಮಿತಿ ಮೀರುತ್ತದೆ. ಹತ್ತು ಪಟ್ಟು ತೆಳು ಮಾಡಿ ಅದ್ದಿದರೂ ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ ನಂಬುವಂತಿಲ್ಲ, ಮೀಟರ್ ಅಳೆಯುವುದು ವಿದ್ಯುತ್ ಹರಿಯುವ ಗುಣವನ್ನು. ನೀವೇ 20, 30, 35, 40ರ ಲವಣತೆಯ ನೀರು ಮಾಡಿ, ಅಷ್ಟೇ ತೆಳು ಮಾಡಿ, ಗ್ರಾಫ್ ಎಳೆದುಕೊಂಡು ಅದರ ಮೇಲೆ ಓದಿ.

ಮಣ್ಣು ಇಳಿಯುವ ಬಗೆ

ಇದು ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಎರಡು ದಿನ ಕೊಡಿ. ಎರಿ ಮಣ್ಣನ್ನು ಕುಟ್ಟಿ ಹಿಟ್ಟಿನ ಸಾಣಿಗೆಯಲ್ಲಿ ಸೋಸಿ. ಬಿಳಿ ಸುಣ್ಣದ ಹರಳುಗಳನ್ನು ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಎರಡು ಬಾಟ್ಲಿಗೆ ತಲಾ 20 ಗ್ರಾಂ ಮಣ್ಣು ಹಾಕಿ, ಒಂದಕ್ಕೆ ಸಿಹಿ ನೀರು, ಇನ್ನೊಂದಕ್ಕೆ ಉಪ್ಪು ನೀರು ತುಂಬಿ, ಒಂದು ತಾಸು ನೆನೆಯಲು ಬಿಡಿ. ಆಮೇಲೆ ಎರಡನ್ನೂ ಒಂದೇ ಸಮ ಎರಡು ನಿಮಿಷ ಕುಲುಕಿ, ಅಲುಗದ ಕಡೆ ಇಟ್ಟು, ಹಿಂದೆ ಬಿಳಿ ಹಾಳೆ ನಿಲ್ಲಿಸಿ.

ಉಪ್ಪು ನೀರಿನ ಬಾಟ್ಲಿಯಲ್ಲಿ ಸ್ವಲ್ಪ ಹೊತ್ತಿಗೇ ಮಣ್ಣು ಮೊಸರು ಒಡೆದಂತೆ ಸಣ್ಣ ಸಣ್ಣ ಗರಣೆಯಾಗುತ್ತದೆ, ಮೇಲಿಂದ ತಿಳಿನೀರು ಇಳಿಯುತ್ತ ಬರುತ್ತದೆ. ಸಂಜೆಗೆ ಆಚೆಯ ಅಕ್ಷರ ಕಾಣುವಷ್ಟು ತಿಳಿಯಾಗಿರುತ್ತದೆ. ಸಿಹಿ ನೀರಿನ ಬಾಟ್ಲಿ ಮರುದಿನವೂ ಚಹಾ ಬಣ್ಣದಲ್ಲೇ ಇರುತ್ತದೆ. ಜೇಡಿ ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಸಿಹಿ ನೀರಿನಲ್ಲಿ ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ, ಮೆಗ್ನೀಷಿಯಂ ಆ ದೂಡುವಿಕೆಯನ್ನು ಕುಗ್ಗಿಸಿದಾಗ ಕಣಗಳು ಅಂಟಿಕೊಂಡು, ದೊಡ್ಡದಾಗಿ, ಬೇಗ ಇಳಿಯುತ್ತವೆ. ನದಿ ಹೊತ್ತು ತಂದ ಜೇಡಿ ಅಳಿವೆಯಲ್ಲೇ ಬಹುಪಾಲು ಕೂತು ಹೂಳಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಎರಡೂ ಬಾಟ್ಲಿ ಒಂದೇ ವೇಗದಲ್ಲಿ ತಿಳಿಯಾದರೆ ನಿಮ್ಮ ಮಣ್ಣೇ ಸವಳು. ಅದನ್ನು ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆದು, ತಿಳಿ ಬಸಿದು, ಮತ್ತೆ ಮಾಡಿ. ಮಸಾರಿ ಮಣ್ಣಿನಲ್ಲೂ ಮಾಡಿ ನೋಡಿ, ಅದರಲ್ಲಿ ಮರಳು ಹೆಚ್ಚಿರುವುದರಿಂದ ವ್ಯತ್ಯಾಸ ಇಷ್ಟು ಕಾಣುವುದಿಲ್ಲ.

ಮೂರನೆಯ ಬಾಟ್ಲಿಯಲ್ಲಿ ಸಿಹಿ ನೀರು, ಅದಕ್ಕೆ ಮರಳು ಮತ್ತು ಎರಿ ಮಣ್ಣು ಬೆರೆಸಿ ಕುಲುಕಿ, ಗಡಿಯಾರ ಹಿಡಿದು ಗುರುತು ಹಾಕಿ. 10 ಸೆಂಟಿಮೀಟರ್ ನೀರನ್ನು ದಾಟಲು, 0.0625 ಮಿ.ಮೀ.ಗಿಂತ ದಪ್ಪ ಕಣಕ್ಕೆ, ಅಂದರೆ ಮರಳಿಗೆ, ಹೆಚ್ಚೆಂದರೆ 30 ಸೆಕೆಂಡ್. 0.004 ಮಿ.ಮೀ.ವರೆಗಿನ ರೇವೆಗೆ ಸುಮಾರು ಎರಡು ತಾಸು. ಆಮೇಲೂ ತೇಲುವುದು ಜೇಡಿ. ಕಣದ ಅಗಲ ಹತ್ತರಲ್ಲಿ ಒಂದಾದರೆ ಇಳಿಯುವ ವೇಗ ನೂರರಲ್ಲಿ ಒಂದು. ಈ ಲೆಕ್ಕದಲ್ಲಿ 0.001 ಮಿ.ಮೀ.ನ ಒಂಟಿ ಜೇಡಿ ಕಣ 4,000 ಮೀಟರ್ ಆಳ ಮುಟ್ಟಲು 140 ವರ್ಷ ಬೇಕು. ನಿಜದ ಸಮುದ್ರದಲ್ಲಿ ಅಷ್ಟು ಹಿಡಿಯುವುದಿಲ್ಲ, ಏಕೆಂದರೆ ಸಣ್ಣ ಜೀವಿಗಳು ಕಣಗಳನ್ನು ನುಂಗಿ ಹಿಕ್ಕೆಯ ಉಂಡೆ ಮಾಡಿ ಬಿಡುತ್ತವೆ, ಉಂಡೆ ಬೇಗ ಮುಳುಗುತ್ತದೆ.

ದಂಡೆಯಿಂದ ದೂರ ಹೋದಂತೆ ನೆಲದ ಮಣ್ಣು ಕಡಿಮೆಯಾಗಿ, ಸೂಕ್ಷ್ಮಜೀವಿಗಳ ಚಿಪ್ಪಿನ ಕೆಸರು ಹೆಚ್ಚುತ್ತದೆ. ಚಿಪ್ಪಿನ ಪಾಲು ನೂರಕ್ಕೆ 30 ದಾಟಿದರೆ ಅದಕ್ಕೆ ಊಜ್ ಎನ್ನುತ್ತಾರೆ. ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಇನ್ನೂ ಆಳದ ಕೆಂಪು ಜೇಡಿ ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು. ಸುಮಾರು 4,500 ಮೀಟರ್ ಕೆಳಗೆ ಸುಣ್ಣದ ಚಿಪ್ಪು ಉಳಿಯುವುದಿಲ್ಲ. ತಣ್ಣಗಿನ, ಒತ್ತಡದ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ನೀರು ಅದನ್ನು ಕರಗಿಸುತ್ತದೆ. ತೆಗೆದಿಟ್ಟ ಸುಣ್ಣದ ಹರಳು, ತತ್ತಿಯ ಸಿಪ್ಪೆ, ಕಪ್ಪೆಚಿಪ್ಪಿನ ಮೇಲೆ ವಿನಿಗರ್ ಹಾಕಿದರೆ ಮೂರೂ ಬುರುಗುಡುತ್ತವೆ. ಬೋರ್ಡಿನ ಚಾಕ್‌ಪೀಸ್ ಹಾಕಬೇಡಿ. ಈಗಿನವು ಹೆಚ್ಚಾಗಿ ಜಿಪ್ಸಂ, ಬುರುಗುಡದೆ ಮಕ್ಕಳನ್ನು ದಾರಿ ತಪ್ಪಿಸುತ್ತವೆ.

ತಳದ ನಕ್ಷೆ

ಒಂದು ಮೀಟರ್ ಉದ್ದದ ಗ್ರಾಫ್ ಹಾಳೆಯಲ್ಲಿ ಕಾರವಾರದಿಂದ ಪಶ್ಚಿಮ-ನೈಋತ್ಯಕ್ಕೆ 2,000 ಕಿ.ಮೀ. ಎಳೆಯಿರಿ, 1 ಸೆಂ.ಮೀ.ಗೆ 20 ಕಿ.ಮೀ. ಆಳಕ್ಕೂ ಅದೇ ಅಳತೆ ಹಿಡಿದರೆ 4 ಕಿ.ಮೀ. ಆಳದ ಸಮುದ್ರ ಬರೀ 2 ಮಿ.ಮೀ. ಆಗಿ, ಪೆನ್ಸಿಲ್ ಗೆರೆಯಲ್ಲೇ ಮುಚ್ಚಿಹೋಗುತ್ತದೆ. ಆಳಕ್ಕೆ 1 ಸೆಂ.ಮೀ.ಗೆ 400 ಮೀಟರ್ ಹಿಡಿಯಿರಿ, ಮತ್ತು ಹಾಳೆಯ ಮೇಲೆ ದೊಡ್ಡದಾಗಿ "ಲಂಬ ಅಳತೆ 50 ಪಟ್ಟು" ಎಂದು ಬರೆಯಿರಿ. ಬರೆಯದಿದ್ದರೆ 4 ಡಿಗ್ರಿಯ ಖಂಡಾವರಣ ಇಳಿಜಾರು ಹಾಳೆಯಲ್ಲಿ 74 ಡಿಗ್ರಿಯ ಗೋಡೆಯಾಗಿ ಕಾಣುತ್ತದೆ, ಮಕ್ಕಳು ಅದನ್ನೇ ನಿಜ ಎಂದುಕೊಳ್ಳುತ್ತಾರೆ.

ಕ್ರಮ ಹೀಗೆ. ದಂಡೆಗೆ ಹೊಂದಿ ಖಂಡಾವರಣ ಪ್ರದೇಶ. ಜಗತ್ತಿನ ಸರಾಸರಿಯಲ್ಲಿ ಇದು ಕಿಲೋಮೀಟರಿಗೆ ಎರಡು ಮೀಟರ್ ಕೂಡ ಇಳಿಯುವುದಿಲ್ಲ, ಧಾರವಾಡದಿಂದ ಹುಬ್ಬಳ್ಳಿಗೆ ಇಳಿಯುವ ರಸ್ತೆಗಿಂತ ಸಪಾಟು. ಅಂಚಿನ ಆಳ ಸರಾಸರಿ 130 ಮೀಟರ್, ಹಾಳೆಯಲ್ಲಿ 3 ಮಿ.ಮೀ. ಅಲ್ಲಿಂದ ಇಳಿಜಾರು. ಆಮೇಲೆ ಲಕ್ಷದ್ವೀಪದ ದಿಬ್ಬಸಾಲಿನ ಉತ್ತರ ತುದಿ, ಸಿಂಧೂ ನದಿ ಹರಡಿದ ಹೂಳು ತುಂಬಿದ ಅರೇಬಿಯನ್ ತಗ್ಗು, ಕೊನೆಗೆ ಕಾರ್ಲ್ಸ್‌ಬರ್ಗ್ ಪರ್ವತಸಾಲು. ಅಲ್ಲಿ ಸಾಗರದ ಹೊಸ ನೆಲ ಹುಟ್ಟುತ್ತದೆ, ಹಾಗಾಗಿ ಅದರ ನೆತ್ತಿಯ ಮೇಲೆ ಕೆಸರು ಬಹಳ ತೆಳು. ಕಂದಕವನ್ನು ಕಾರವಾರದ ಮುಂದೆ ಬರೆಯಬೇಡಿ. ನಮ್ಮ ಪಶ್ಚಿಮ ದಂಡೆಯಲ್ಲಿ ಭೂಮಿಯ ಹೊರಚಿಪ್ಪಿನ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುತ್ತಿಲ್ಲ. ಹಿಂದೂ ಮಹಾಸಾಗರದ ದೊಡ್ಡ ಕಂದಕ ಜಾವಾದ ದಕ್ಷಿಣಕ್ಕೆ ಇದೆ.

ಆಳ ಅಳೆಯುವುದು ಸದ್ದಿನಿಂದ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಪ್ರತಿಧ್ವನಿ 4 ಸೆಕೆಂಡಿಗೆ ಬಂದರೆ ಆಳ 3,000 ಮೀಟರ್. ಹೋಗಿ ಬರುವ ದಾರಿಯನ್ನು ಎರಡರಿಂದ ಭಾಗಿಸಲು ಮರೆತು 6,000 ಬರೆಯುವವರೇ ಹೆಚ್ಚು.

ಕೆಸರಿನ ಹೊಳೆ

ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ ಒಂದು ತುದಿಯನ್ನು ನಾಲ್ಕು ಬೆರಳು ಎತ್ತರಿಸಿ. 50 ಗ್ರಾಂ ಮರಳು, 50 ಗ್ರಾಂ ಎರಿ ಮಣ್ಣು, 150 ಮಿ.ಲೀ. ನೀರು ಕಲಸಿ, ಲೋಟದ ಬಾಯಿಯನ್ನು ಎತ್ತರದ ತುದಿಯಲ್ಲಿ ನೀರಿಗೆ ತಾಗಿಸಿ ಒಮ್ಮೆಲೇ ಸುರಿಯಿರಿ. ಕೆಸರು ಮೋಡದಂಥ ತಲೆ ಎತ್ತಿಕೊಂಡು ತಳ ಹಿಡಿದು ಓಡುತ್ತದೆ. ಮೇಲಿಂದ ಸುರಿದರೆ ಅಥವಾ ಕಲಸಿದ್ದು ತೆಳುವಾದರೆ ನೀರೆಲ್ಲ ಕದಡಿ ಏನೂ ಕಾಣುವುದಿಲ್ಲ. ಸಾಮಾನ್ಯ ಹೊಳೆ ನೀರು ಹೀಗೆ ಮುಳುಗುವುದಿಲ್ಲ. ಸಮುದ್ರದ ನೀರಿಗಿಂತ ಭಾರವಾಗಬೇಕಾದರೆ ಲೀಟರಿಗೆ ಸುಮಾರು 40 ಗ್ರಾಂ ಮಣ್ಣು ಬೇಕು, ಇಲ್ಲದಿದ್ದರೆ ರಾಡಿ ನೀರು ಕಡಲ ಮೇಲೆಯೇ ಹರಡುತ್ತದೆ. ಇಳಿಜಾರಿನ ಮೇಲೆ ಕೂತ ಹೂಳು ಭೂಕಂಪಕ್ಕೆ ಜಾರಿದಾಗ ಮಾತ್ರ ಇಂಥ ಹೊಳೆ ಹೊರಡುತ್ತದೆ ಎಂದಲ್ಲ, ಆದರೆ ಅದರ ಬಲ ಜಗತ್ತಿಗೆ ಗೊತ್ತಾದದ್ದು ಹಾಗೆ. 1929ರಲ್ಲಿ ನ್ಯೂಫೌಂಡ್ಲೆಂಡ್ ಬಳಿಯ ಭೂಕಂಪದ ನಂತರ ತಳದ ತಂತಿ ಕೇಬಲ್‌ಗಳು ಇಳಿಜಾರಿನುದ್ದಕ್ಕೂ ಒಂದಾದ ಮೇಲೊಂದು ಹರಿದವು.

ಒಂದು ದಿನ ಡಬ್ಬಿ ಅಲುಗಿಸದೆ ಬಿಟ್ಟು, ನೀರನ್ನು ಪೈಪಿನಿಂದ ಎಳೆದು, ಕೆಸರು ಒಣಗಿದ ಮೇಲೆ ಬ್ಲೇಡಿನಿಂದ ಸೀಳಿ. ಕೆಳಗೆ ದಪ್ಪ ಮರಳು, ಮೇಲೆ ಮೇಲೆ ಸಣ್ಣದು, ನೆತ್ತಿಗೆ ಜೇಡಿಯ ಪೊರೆ. ಇದೇ ಗುರುತನ್ನು ಕಲ್ಲಿನಲ್ಲಿ ನೋಡಬೇಕಾದರೆ ರಾಣೆಬೆನ್ನೂರಿಗೆ ಹೋಗಿ. ಅಲ್ಲಿನ ಗ್ರೇವ್ಯಾಕ್ ಶಿಲೆ ಸುಮಾರು 260 ಕೋಟಿ ವರ್ಷದ ಹಿಂದೆ ಇಂಥ ಕೆಸರಿನ ಹೊಳೆಗಳು ಸಮುದ್ರದ ತಳದಲ್ಲಿ ಹಾಸಿದ ಪದರ. ಗದಗದ ಶಿಲಾಪಟ್ಟಿಯಲ್ಲಿ ನೀರಿನಡಿ ಲಾವಾ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಬಸಾಲ್ಟ್ ಕೂಡ ಇದೆ. ಹತ್ತು ಪಟ್ಟಿನ ಕೈಮಸೂರ, ಒಂದು ಬಾಟ್ಲಿ ನೀರು ಒಯ್ಯಿರಿ. ಹೊಸದಾಗಿ ಒಡೆದ ಮುಖಕ್ಕೆ ನೀರು ಹಚ್ಚಿದರೆ ಕಣಗಳು ಎದ್ದು ಕಾಣುತ್ತವೆ. ಒಂದು ಪದರದಲ್ಲಿ ದಪ್ಪ ಕಣ ಎತ್ತ ಇದೆಯೋ ಅದು ಅಂದಿನ ತಳ. ಕೆಲವು ಕಡೆ ದಪ್ಪ ಕಣ ಮೇಲೆ, ಸಣ್ಣದು ಕೆಳಗೆ ಸಿಗುತ್ತದೆ. ನೀವು ತಪ್ಪು ಓದಿದಿರಿ ಎಂದುಕೊಳ್ಳಬೇಡಿ, ಅಲ್ಲಿ ಪದರವೇ ಮಡಚಿ ಬೋರಲಾಗಿ ಮಲಗಿರಬಹುದು. ಹತ್ತಿರದ ಮೂರು ನಾಲ್ಕು ಪದರ ನೋಡಿ ಖಾತ್ರಿ ಮಾಡಿಕೊಂಡು, ಬಾಣದ ಗುರುತು ಹಾಕಿ ಟಿಪ್ಪಣಿ ಬರೆದುಕೊಳ್ಳಿ.